ಕುಳಿತು ನಿದ್ರಿಸುವವರ ಚರಿತ್ರೆ

ಮೂವತ್ತನಾಲ್ಕು ವರ್ಷ ಸಮಾಜ ವಿಜ್ಞಾನ ಪಾಠ ಹೇಳಿದವನು ನಾನು. ದಂಡಯಾತ್ರೆಗಳು, ಒಪ್ಪಂದಗಳು, ಇಸವಿಗಳು ಎಂದು ನಿಮ್ಮ ತಲೆಗಳಿಗೆ ಏನೇನನ್ನೋ ತುಂಬಿದ್ದೇನೆ. 1790ರ ಸೆಪ್ಟೆಂಬರಿನಲ್ಲಿ ಟಿಪ್ಪು ಸುಲ್ತಾನನು ಗಜ್ಜಲಹಟ್ಟಿ ಕಣಿವೆಯಿಂದಿಳಿದು ಸತ್ಯಮಂಗಲದಲ್ಲಿ ಇಂಗ್ಲಿಷರ ಕರ್ನಲ್ ಫ್ಲಾಯ್ಡನ ಮೇಲೆ ಬಿದ್ದ ಕಥೆ ನಿಮ್ಮಲ್ಲಿ ಕೆಲವರಿಗಾದರೂ ನೆನಪಿದ್ದೀತು. ಆ ಸಾವಿರಾರು ಸಿಪಾಯಿಗಳು, ಎತ್ತು ಹೊಡೆಯುವವರು, ಅಡುಗೆಯವರು ದಾರಿಯಲ್ಲಿ ರಾತ್ರಿ ಹೇಗೆ ಮಲಗಿದರೆಂದು ಮಾತ್ರ ಯಾವ ವಿದ್ಯಾರ್ಥಿಯೂ ಕೇಳಲಿಲ್ಲ. ಪಠ್ಯಪುಸ್ತಕದಲ್ಲೂ ಆ ಮಾತು ಇರಲಿಲ್ಲ.

ಈ ಪ್ರಶ್ನೆಯನ್ನು ಎಪ್ಪತ್ತು ದಾಟಿದ ಮೇಲೆ ನನ್ನ ಮುಂದೆ ತಂದಿಟ್ಟದ್ದು ಒಂದು ದಿಂಬು. ಕಳೆದ ಯುಗಾದಿಗೆ ಬಂದ ಮೊಮ್ಮಗಳು ಕುದುರೆಯ ಲಾಳದ ಆಕಾರದ, ಬೂದುಬಣ್ಣದ, ಕೊರಳಿಗೆ ಹಾಕಿಕೊಳ್ಳುವ ದಿಂಬೊಂದನ್ನು ಕೈಗಿತ್ತು, "ತಾತ, ಇನ್ನು ಮೇಲೆ ಬಸ್ಸಿನಲ್ಲಿ ಕತ್ತು ನೋಯಿಸಿಕೊಂಡು ಬರಬೇಡಿ" ಎಂದು ಅಪ್ಪಣೆ ಕೊಟ್ಟಳು. ಅಂಗಡಿಯಲ್ಲಿ ಅದಕ್ಕೆ ಇಂಗ್ಲಿಷಿನ ಹೆಸರೇ ಇದೆ. ನಾನು ಅದನ್ನು ಕತ್ತುದಿಂಬು ಎಂದು ಕರೆಯುತ್ತೇನೆ. ಮೊದಲ ಸಲ ಹಾಕಿಕೊಂಡು ಕನ್ನಡಿಯಲ್ಲಿ ನೋಡಿಕೊಂಡಾಗ ನೆನಪಾದದ್ದು ನಮ್ಮ ತಂದೆಯವರ ಕಾಲದ ಎತ್ತುಗಳ ನೊಗ.

ಕೊಟ್ಟದ್ದನ್ನು ಪರೀಕ್ಷಿಸದೆ ಒಪ್ಪುವ ಸ್ವಭಾವ ನನ್ನದಲ್ಲ. ಮೊದಲ ಪರೀಕ್ಷೆ ನಡೆದದ್ದು ಚಾಮರಾಜನಗರದಿಂದ ತೆರಕಣಾಂಬಿಯ ಮೇಲೆ ಗುಂಡ್ಲುಪೇಟೆಗೆ ಹೋಗುವ ಕೆಂಪು ಬಸ್ಸಿನಲ್ಲಿ. ಒಂದು ಗಂಟೆಯ ದಾರಿ. ಕಂಡಕ್ಟರ್ ಟಿಕೆಟ್ ಹರಿಯುತ್ತ ನನ್ನ ಕೊರಳನ್ನು ನೋಡಿ, "ಏನ್ ಸಾ, ಕತ್ತು ಉಳುಕ್ಬುಟ್ಟದಾ?" ಎಂದು ಕಳವಳದಿಂದ ಕೇಳಿದ. ಹೌದೆಂದೆ. ಇಲ್ಲವೆಂದರೆ ತೆರಕಣಾಂಬಿ ಬರುವವರೆಗೂ ವಿವರಿಸಬೇಕಾಗುತ್ತಿತ್ತು. ಆ ಬಸ್ಸಿನ ಸೀಟಿನ ಬೆನ್ನು ಹೆಗಲಿನಿಂದ ಮೇಲೆ ಬರುವುದಿಲ್ಲ. ಹಿಂದೆ ಒರಗಲು ಏನೂ ಇಲ್ಲದಿದ್ದಾಗ ಕತ್ತುದಿಂಬು ತಾನೇ ತಲೆಯನ್ನು ಹೊರಬೇಕು, ಅದರಿಂದ ಆಗುವುದಿಲ್ಲ. ಮನುಷ್ಯನ ತಲೆ ಹತ್ತಿರ ಹತ್ತಿರ ಐದು ಕಿಲೋ ತೂಗುತ್ತದೆ. ಎಚ್ಚರವಿದ್ದಾಗ ಅಷ್ಟು ಭಾರವನ್ನು ಕತ್ತಿನ ಸ್ನಾಯುಗಳು ಸದ್ದಿಲ್ಲದೆ ಹೊತ್ತಿರುತ್ತವೆ. ಮಂಪರು ಹತ್ತಿತೆಂದರೆ ಅವು ಸಡಿಲವಾಗುತ್ತವೆ, ತಲೆ ವಾಲುತ್ತದೆ, ನಾವು ಬೆಚ್ಚಿ ಏಳುತ್ತೇವೆ, ಪಕ್ಕದವರು ನಗುತ್ತಾರೆ.

ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಅಸೆರಿನ್‌ಸ್ಕಿ ಮತ್ತು ಕ್ಲೀಟ್‌ಮನ್ ಎಂಬಿಬ್ಬರು 1953ರಲ್ಲಿ, ಕಣ್ಣುಗುಡ್ಡೆಗಳು ರೆಪ್ಪೆಯ ಒಳಗೆ ಓಡಾಡುವ, ಕನಸು ಹೆಚ್ಚಾಗಿ ಬೀಳುವ ನಿದ್ರೆಯೊಂದಿದೆ ಎಂದು ತೋರಿಸಿದರು. ಆ ನಿದ್ರೆಯಲ್ಲಿ ಮೈಯ ಸ್ನಾಯುಗಳು ಪೂರ್ತಿ ಸೋತುಬಿಡುತ್ತವೆಂದು ಫ್ರಾನ್ಸಿನ ಲಿಯೋಂ ನಗರದ ಮಿಷೆಲ್ ಜೂವೆ 1959ರಲ್ಲಿ ಬೆಕ್ಕುಗಳ ಮೇಲಿನ ಪ್ರಯೋಗಗಳಿಂದ ತಿಳಿಸಿದನು. ಕೊಟ್ಟಿಗೆಯಲ್ಲಿ ನಿಂತೇ ತೂಕಡಿಸುವ ಎತ್ತೂ ಈ ನಿದ್ರೆಗೆ ನೆಲದ ಮೇಲೆ ಮಲಗಲೇಬೇಕು. ಕುಳಿತ ಮನುಷ್ಯನಿಗೆ ತೂಕಡಿಕೆ ಸುಲಭವಾಗಿ ದಕ್ಕುತ್ತದೆ, ಗಾಢನಿದ್ರೆ ದಕ್ಕುವುದು ಕಷ್ಟ ಎಂಬುದರ ಕಾರಣವೂ ಇದೇ.

ಹಾಗಾದರೆ ನಮ್ಮ ಹಿರಿಯರು ಏನು ಮಾಡುತ್ತಿದ್ದರು? ಅವರು ಕುಳಿತು ನಿದ್ರಿಸುತ್ತಲೇ ಇರಲಿಲ್ಲ. ಒಂದೋ ಪಯಣ ನಿಲ್ಲಿಸಿ ಮಲಗುತ್ತಿದ್ದರು, ಇಲ್ಲವೇ ಮಲಗಿಕೊಂಡೇ ಪಯಣ ಮಾಡುತ್ತಿದ್ದರು.

ನಿಂತು ಮಲಗುವವರಿಗಾಗಿ ಛತ್ರಗಳಿದ್ದವು, ಮಂಟಪಗಳಿದ್ದವು, ಊರ ಚಾವಡಿ ಇತ್ತು, ಇದಾವುದೂ ಇಲ್ಲದ ಕಡೆ ಯಾರ ಮನೆಯದಾದರೂ ಜಗಲಿ ಇತ್ತು. ಅಪರಿಚಿತನು ಬಂದು ಜಗಲಿಯ ಮೇಲೆ ಹೊದ್ದು ಮಲಗಿದರೆ ಮನೆಯವರು ಕೇಳುತ್ತಿದ್ದುದು "ಊಟ ಆಯ್ತಾ" ಎಂದು ಮಾತ್ರ. ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಭಕ್ತರಲ್ಲಿ ಈ ಪದ್ಧತಿ ಇಂದಿಗೂ ಅಷ್ಟಿಷ್ಟು ಉಳಿದಿದೆ. ಕತ್ತಲಾದಲ್ಲಿ ಮಲಗು, ಕೋಳಿ ಕೂಗಿದಾಗ ಏಳು. ತಲೆಯ ಕೆಳಗೆ ಬುತ್ತಿಯ ಗಂಟು. ಹೊರೆ ಹೊತ್ತು ನಡೆಯುವವರ ನೆತ್ತಿಯ ಮೇಲೆ ಬಟ್ಟೆ ಸುತ್ತಿದ ಸಿಂಬೆ ಇರುತ್ತಿತ್ತಲ್ಲ, ಹಗಲು ನೆತ್ತಿಯ ಮೇಲಿದ್ದ ಅದು ರಾತ್ರಿ ಕುತ್ತಿಗೆಯ ಕೆಳಗೆ ಬರುತ್ತಿತ್ತು. ಬಳೆಯಂತೆ ದುಂಡಗಿನ, ನಡುವೆ ಟೊಳ್ಳಾದ ಬಟ್ಟೆಯ ಸುರುಳಿ. ಒಂದು ಬದಿ ಕತ್ತರಿಸಿದರೆ ಮೊಮ್ಮಗಳು ಕೊಟ್ಟ ದಿಂಬೇ!

ಮಲಗಿಕೊಂಡು ಹೋಗುವವರಿಗೆ ಕಮಾನು ಗಾಡಿ. ನಂಜನಗೂಡಿನ ದೊಡ್ಡ ಜಾತ್ರೆಗೆ ನಮ್ಮೂರಿನಿಂದ ಹತ್ತು ಹನ್ನೆರಡು ಗಾಡಿಗಳು ಒಟ್ಟಿಗೆ ಹೊರಡುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಬಿಸಿಲಿಗೆ ಎತ್ತುಗಳು ಬಳಲದಿರಲೆಂದು ಊಟ ಮುಗಿಸಿ ರಾತ್ರಿಯೇ ಗಾಡಿ ಕಟ್ಟುವುದು. ಗಾಡಿಯ ತುಂಬ ಹುಲ್ಲು, ಹುಲ್ಲಿನ ಮೇಲೆ ಜಮಖಾನ, ಅಚ್ಚಿನ ಕೆಳಗೆ ತೂಗುವ ಲಾಂದ್ರ. ಮಕ್ಕಳು ಹೆಂಗಸರು ಉದ್ದಕ್ಕೆ ಮಲಗುತ್ತಿದ್ದರು. ನಮ್ಮ ತಂದೆಯವರ ಗಾಡಿ ಸಾಲಿನ ಮೂರನೆಯದೋ ನಾಲ್ಕನೆಯದೋ ಆಗಿರುತ್ತಿತ್ತು. ಅವರೂ ಮೂಕಿಯ ಬಳಿ ಮೈ ಚಾಚಿ ಕಣ್ಣು ಮುಚ್ಚುತ್ತಿದ್ದರು. ಎತ್ತುಗಳು ಮುಂದಿನ ಗಾಡಿಯನ್ನು ಬಿಟ್ಟು ಬೇರೆಡೆ ಹೋಗುತ್ತಿರಲಿಲ್ಲ. ಇಡೀ ಸಾಲಿನಲ್ಲಿ ಎಚ್ಚರವಾಗಿರಬೇಕಾದವನು ಮೊದಲ ಗಾಡಿಯವನೊಬ್ಬ. ಊರಿನ ಹಿರಿಯರು ಆ ಜಾಗಕ್ಕೆ ಯಾರನ್ನಾದರೂ ಹಾಕುತ್ತಿರಲಿಲ್ಲ. ಮಧ್ಯಾಹ್ನ ಚೆನ್ನಾಗಿ ಮಲಗಿ ಎದ್ದವನನ್ನೇ ಹಾಕುತ್ತಿದ್ದರು.

ದೊರೆಗಳ ಪಲ್ಲಕ್ಕಿಯ ಕಥೆಯೂ ಇದೇ. ಕಂಪನಿಯ ಕಾಲದ ಇಂಗ್ಲಿಷರು ರಾತ್ರಿಯಿಡೀ ಮೇನೆಯೊಳಗೆ ಮಲಗಿ ಪ್ರಯಾಣ ಮಾಡುತ್ತಿದ್ದರು. ಪಂಜಿನವನು ಮುಂದೆ ಓಡಬೇಕು, ಬೋವಿಗಳು ಹೆಗಲು ಬದಲಿಸುತ್ತ ನಡೆಯಬೇಕು. ಒಳಗಿದ್ದವನ ನಿದ್ರೆ ಹೊರಗಿದ್ದವರ ಹೆಗಲ ಮೇಲೆ ನಿಂತಿತ್ತು ಎಂಬುದು ಅಲಂಕಾರದ ಮಾತಲ್ಲ.

ರೈಲು ನಂಜನಗೂಡಿಗೆ ಬಂದದ್ದು 1891ರಲ್ಲಿ, ಚಾಮರಾಜನಗರಕ್ಕೆ 1926ರಲ್ಲಿ. ಮೈಸೂರಿನಿಂದ ಅರುವತ್ತೊಂದು ಕಿಲೋಮೀಟರಿನ ಆ ದಾರಿಯಲ್ಲಿ ಯಾರು ಮಲಗುತ್ತಾರೆ? ಗುಂಡ್ಲುಪೇಟೆಗಂತೂ ರೈಲೇ ಬರಲಿಲ್ಲ. ಆದರೆ ದೂರ ಹೋಗುವ ರೈಲುಗಳಲ್ಲಿ ಮಲಗುವ ವ್ಯವಸ್ಥೆ ನಿಧಾನವಾಗಿ ಬೆಳೆಯಿತು, ಮೊದಲು ದುಡ್ಡಿದ್ದವರಿಗೆ, ಬಹಳ ತಡವಾಗಿ ಉಳಿದವರಿಗೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಎರಡನೆಯ ದರ್ಜೆಯ ಮಲಗುವ ಹಲಗೆಗಳು ಬರಿಯ ಮರದವು. ಅವುಗಳ ಮೇಲೆ ಎರಡಂಗುಲ ದಪ್ಪದ ಫೋಮ್ ಹಾಕಿಸಿದವರು 1977ರಿಂದ 1979ರವರೆಗೆ ರೈಲ್ವೆ ಮಂತ್ರಿಗಳಾಗಿದ್ದ ಮಧು ದಂಡವತೆಯವರು. ಮಂತ್ರಿಗಳು ಅನೇಕ ಶಂಕುಸ್ಥಾಪನೆಗಳನ್ನು ಮಾಡುತ್ತಾರೆ. ಕೋಟ್ಯಂತರ ಬಡ ಬೆನ್ನುಗಳಿಗೆ ಎರಡಂಗುಲ ಮೆತ್ತೆ ಕೊಟ್ಟ ಮಂತ್ರಿಯನ್ನು ನಾನು ಅವೆಲ್ಲಕ್ಕಿಂತ ಮೇಲೆ ಇರಿಸುತ್ತೇನೆ. ಚಾಮರಾಜನಗರದಿಂದ ತಿರುಪತಿಗೆ ಹೋಗುವ ರೈಲಿನಲ್ಲಿ ಕತ್ತುದಿಂಬಿನ ಎರಡನೆಯ ಪರೀಕ್ಷೆ ನಡೆಯಿತು. ಮಲಗಿಕೊಂಡಾಗ ಅದು ಬರಿಯ ತೊಡಕು. ಕೊರಳಿನಿಂದ ತೆಗೆದು ಮಡಿಸಿ ತಲೆಯ ಕೆಳಗಿಟ್ಟೆ, ಅಂದರೆ ಅದನ್ನು ಮತ್ತೆ ಸಿಂಬೆಯನ್ನಾಗಿ ಮಾಡಿಕೊಂಡೆ. ತಿರುಪತಿ ಬಂದದ್ದೇ ತಿಳಿಯಲಿಲ್ಲ.

ಕುಳಿತು ನಿದ್ರಿಸುವವರನ್ನು ಸೃಷ್ಟಿಸಿದ್ದು ಮೋಟಾರು. ನಮ್ಮ ತಂದೆಯವರು ಎರಡನೆಯ ಮಹಾಯುದ್ಧದ ಕಾಲದ ಇದ್ದಿಲಿನ ಬಸ್ಸುಗಳ ವಿಷಯ ಹೇಳುತ್ತಿದ್ದರು. ಪೆಟ್ರೋಲಿಗೆ ಬರ ಬಂದು, ಹಿಂಬದಿಗೆ ಕಟ್ಟಿದ ಒಲೆಯಲ್ಲಿ ಇದ್ದಿಲು ಉರಿಸಿ ಅದರ ಅನಿಲದಿಂದ ಓಡಿಸುತ್ತಿದ್ದ ಆ ಬಸ್ಸುಗಳಲ್ಲಿ ಏರು ಬಂದರೆ ಪ್ರಯಾಣಿಕರೇ ಇಳಿದು ತಳ್ಳಬೇಕಿತ್ತಂತೆ. ಅಲ್ಲಿ ನಿದ್ರೆಯ ಮಾತೆಲ್ಲಿ! 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಆರಂಭವಾಯಿತು. 1961ರಲ್ಲಿ ಅದು ನಿಗಮವಾಯಿತು. ಆಮೇಲೆ ರಾತ್ರಿ ಬಸ್ಸುಗಳು ಹೆಚ್ಚಿದವು, ಒಂದು ಹಗಲಿನ ಕೂಲಿ ಕಳೆದುಕೊಳ್ಳದೆ ಊರಿಂದೂರಿಗೆ ಹೋಗುವುದು ಸಾಧ್ಯವಾಯಿತು. ಅದು ದೊಡ್ಡ ಸೌಲಭ್ಯವೇ. ಅದಕ್ಕೆ ಜನ ತೆತ್ತದ್ದು ಒಂದು ರಾತ್ರಿಯ ನಿದ್ರೆ.

ನಮ್ಮವರು ಸುಮ್ಮನೆ ಕೂಡುವವರಲ್ಲ, ಉಪಾಯಗಳನ್ನು ಹುಡುಕಿದರು. ಮುಂದಿನ ಸೀಟಿನ ಕಂಬಿಗೆ ಟವೆಲು ಸುತ್ತಿ ಅದರ ಮೇಲೆ ಹಣೆಯಿಡುವುದು ಒಂದು. ಬ್ರೇಕು ಹಾಕಿದಾಗ ಹಲ್ಲು ಮುರಿಸಿಕೊಂಡವರೂ ಉಂಟು. ಟವೆಲನ್ನೇ ಹಗ್ಗದಂತೆ ಹೊಸೆದು ಕೊರಳಿಗೆ ಎರಡು ಸುತ್ತು ಹಾಕಿಕೊಳ್ಳುವುದು ಇನ್ನೊಂದು. ಎಲ್ಲಕ್ಕಿಂತ ಸಲೀಸಾದದ್ದು ಪಕ್ಕದಲ್ಲಿ ಕುಳಿತವರ ಹೆಗಲು. ನನ್ನಾಕೆ ಬದುಕಿದ್ದ ಕಾಲದಲ್ಲಿ ಧರ್ಮಸ್ಥಳಕ್ಕೆ, ಊಟಿಗೆ, ಮಗನ ಮನೆಗೆ ಎಷ್ಟೋ ರಾತ್ರಿ ಪಯಣಗಳನ್ನು ಮಾಡಿದ್ದೇವೆ. ಯಾರು ಯಾರ ಹೆಗಲಿಗೆ ಒರಗಬೇಕೆಂಬ ಬಗ್ಗೆ ಜಗಳವಾದದ್ದಿಲ್ಲ. ಅವಳು ಹೋದ ಮೇಲಲ್ಲವೇ ನನಗೆ ಕತ್ತಿನ ನೋವು ಶುರುವಾದದ್ದು, ಎಂದು ಮೊಮ್ಮಗಳು ಲೆಕ್ಕ ಹಾಕಿದ್ದಳೋ ಏನೋ, ನಾನು ಕೇಳಲಿಲ್ಲ.

ದಿಂಬಿನ ವಂಶಾವಳಿಯನ್ನೂ ಒಂದಿಷ್ಟು ಹೇಳಿಬಿಡುತ್ತೇನೆ. ತಲೆಗೆ ಬದಲು ಕುತ್ತಿಗೆಗೆ ಆಸರೆ ಕೊಡುವ ಆಲೋಚನೆ ಬಹಳ ಹಳೆಯದು. ಈಜಿಪ್ಟಿನ ಪ್ರಾಚೀನರು ಮರ, ಕಲ್ಲು, ದಂತಗಳಲ್ಲಿ ಅರ್ಧಚಂದ್ರಾಕಾರದ ತಲೆಯಾಸರೆಗಳನ್ನು ಮಾಡಿಕೊಳ್ಳುತ್ತಿದ್ದರು. 1922ರಲ್ಲಿ ಹೋವರ್ಡ್ ಕಾರ್ಟರ್ ಪತ್ತೆ ಮಾಡಿದ ತುತಾಂಖಾಮನ್ ದೊರೆಯ ಸಮಾಧಿಯಲ್ಲಿ ಅಂತಹವು ಹಲವು ದೊರೆತವು. ದಂತದಲ್ಲಿ ಕೆತ್ತಿದ ಒಂದರಲ್ಲಿ, ಅವರ ಗಾಳಿಯ ದೇವತೆ ಶು ಎರಡು ಸಿಂಹಗಳ ನಡುವೆ ಮಂಡಿಯೂರಿ ದೊರೆಯ ತಲೆಯನ್ನು ಎತ್ತಿ ಹಿಡಿದಿದ್ದಾನೆ. ಇಂದು ಬಸ್ ನಿಲ್ದಾಣಗಳಲ್ಲಿ ಬಾಯಿಂದ ಊದಿ ಉಬ್ಬಿಸುವ ಕತ್ತುದಿಂಬನ್ನು ಮಾರುತ್ತಾರಲ್ಲ, ಅದರಲ್ಲಿಯೂ ತಲೆ ಹೊರುವವನು ಗಾಳಿಯ ದೇವತೆಯೇ. ಚೀನೀಯರು ಪಿಂಗಾಣಿಯ ದಿಂಬು ಮಾಡಿದರು. ಜಪಾನಿನ ಹೆಂಗಸರು ಕಟ್ಟಿದ ತುರುಬು ಕೆಡದಿರಲೆಂದು ಕುತ್ತಿಗೆಯ ಕೆಳಗೆ ಪುಟ್ಟ ಪೆಟ್ಟಿಗೆಯಂತಹ ದಿಂಬಿಟ್ಟುಕೊಂಡರು. ನಮ್ಮ ಭಾಗದಲ್ಲಿ ಬೂರುಗದ ಹತ್ತಿ ಇತ್ತು. ನುಣುಪಾದ ಮೋಟು ಎಳೆಗಳಾದ್ದರಿಂದ ಅದನ್ನು ನೂಲಲು ಬಾರದು, ಬಟ್ಟೆಗೆ ಒದಗದು. ಆದ್ದರಿಂದಲೇ ಅದು ದಿಂಬಿಗೆ ಉಳಿಯಿತು. ನಮ್ಮಮ್ಮ ಗಾಳಿ ಬೀಸದ ದಿನ ನೋಡಿ ಹಿತ್ತಿಲಲ್ಲಿ ಕುಳಿತು ದಿಂಬು ತುಂಬುತ್ತಿದ್ದರು, ನಾವು ಹತ್ತಿರ ಹೋಗಿ ಸೀನುತ್ತಿದ್ದೆವು. ಮೊಮ್ಮಗಳು ತಂದ ದಿಂಬಿನೊಳಗೆ ಇರುವುದು ಮೆಮರಿ ಫೋಮ್. ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾಕ್ಕಾಗಿ ಚಾರ್ಲ್ಸ್ ಯೋಸ್ಟ್ ಎಂಬ ಎಂಜಿನಿಯರನು 1966ರಲ್ಲಿ ವಿಮಾನದ ಆಸನಗಳಿಗೆಂದು ರೂಪಿಸಿದ ವಸ್ತು ಅದು. ಒತ್ತಿದರೆ ತಗ್ಗಿ, ಬಿಟ್ಟರೆ ನಿಧಾನವಾಗಿ ಮೊದಲಿನಂತಾಗುತ್ತದೆ. ಆದರೆ ನಮ್ಮ ಏಪ್ರಿಲ್ ಬಿಸಿಲಿಗೆ ಅದು ಬೆವರಿನ ಕುಲುಮೆ. ಬೂರುಗಕ್ಕೆ ಆ ದೋಷವಿರಲಿಲ್ಲ.

ಮೂರನೆಯ ಪರೀಕ್ಷೆಗೆ ಸತ್ಯಮಂಗಲದ ಮಾರ್ಗವಾಗಿ ಕೊಯಮತ್ತೂರಿಗೆ ಹೋದೆ. ಎತ್ತರದ ಬೆನ್ನಿನ, ಹಿಂದಕ್ಕೆ ಬಾಗುವ ಸೀಟು. ಕತ್ತಿನ ಹಿಂಬದಿಗೆ ದಿಂಬಿನ ದಪ್ಪ ಭಾಗ ಬಂದು ತಲೆಯನ್ನು ಮುಂದಕ್ಕೆ ನೂಕತೊಡಗಿತು, ಗದ್ದ ಎದೆಗೆ ತಗಲಿ ಉಸಿರು ಕಟ್ಟಿದಂತಾಯಿತು. ಸ್ವಲ್ಪ ಯೋಚಿಸಿ ದಿಂಬನ್ನು ತಿರುಗಿಸಿ, ಬಾಯಿ ಹಿಂದಕ್ಕೆ, ದಪ್ಪ ಭಾಗ ಗದ್ದದ ಕೆಳಗೆ ಬರುವಂತೆ ಹಾಕಿಕೊಂಡೆ. ತಲೆ ಬೀಳುವುದು ಮುಂದಕ್ಕೆ ತಾನೆ, ಆಸರೆಯೂ ಅಲ್ಲಿಯೇ ಇರಬೇಕು. ಬಹಳ ದಿನಗಳ ಮೇಲೆ ಬಸ್ಸಿನಲ್ಲಿ ನಲವತ್ತು ನಿಮಿಷ ಒಂದೇ ಸಮನೆ ನಿದ್ರೆ ಬಂತು. ದಿಂಬಂ ಘಟ್ಟ ಬಂದಾಗ ಅದೂ ಮುಗಿಯಿತು. ಇಪ್ಪತ್ತೇಳು ತಿರುವುಗಳಲ್ಲಿ ಮೈ ಬಲಕ್ಕೊಮ್ಮೆ ಎಡಕ್ಕೊಮ್ಮೆ ಜೋಲಿ ಹೊಡೆಯುವಾಗ ಯಾವ ಫೋಮ್ ಏನು ಮಾಡೀತು? ಊರಿನ ಹೆಸರಿನಲ್ಲೇ ದಿಂಬು ಇದ್ದರೂ ಅಲ್ಲಿ ನಿದ್ರೆ ಇಲ್ಲ ಎಂದು ಪಕ್ಕದವರಿಗೆ ಹೇಳಿದೆ. ಅವರು ತಮಿಳರು, ನಗಲಿಲ್ಲ.

ಆ ಪಯಣದುದ್ದಕ್ಕೂ ನನ್ನ ಕಣ್ಣು ಆಗಾಗ ಹೋಗುತ್ತಿದ್ದುದು ಡ್ರೈವರಿನ ಕತ್ತಿನ ಕಡೆಗೆ. ಅವನಿಗೆ ದಿಂಬಿಲ್ಲ, ಇರಲೂ ಬಾರದು.

1980ರ ದಶಕದಲ್ಲಿ ನನ್ನ ತರಗತಿಯಲ್ಲಿದ್ದ ಹುಡುಗನೊಬ್ಬ ಎಸ್ಸೆಸ್ಸೆಲ್ಸಿ ಮುಗಿಸದೆ ಲಾರಿಯೊಂದಕ್ಕೆ ಕ್ಲೀನರ್ ಆಗಿ ಸೇರಿದ. ಹೆಸರು ಬರೆಯುವುದಿಲ್ಲ, ಅವನ ಜೊತೆಯಲ್ಲಿ ಓದಿದವರಿಗೆ ಗೊತ್ತು. ಭೂಪಟ ಬಿಡಿಸುವುದರಲ್ಲಿ ಅವನ ಕೈಯನ್ನು ಮೀರಿಸುವವರಿರಲಿಲ್ಲ. ಲಾರಿಗೆ ಸೇರಿದ ಮೇಲೆ ಒಮ್ಮೆ ಸಿಕ್ಕಿ, "ನೀವು ಬೋರ್ಡಿನ ಮೇಲೆ ಬರೆಸಿದ ಊರನ್ನೆಲ್ಲ ನೋಡ್ಕಂಡ್ ಬಂದಿ ಸಾ" ಎಂದಿದ್ದ. ತರಕಾರಿ ಹೇರಿಕೊಂಡು ಹೋಗಿ ಬರಿಗಾಡಿಯಲ್ಲಿ ಹಿಂದಿರುಗುತ್ತಿದ್ದಾಗ, ಬೆಳಗಿನ ಜಾವ ನಾಲ್ಕರ ಹೊತ್ತಿಗೆ, ಲಾರಿ ರಸ್ತೆಯಂಚಿನ ಮರಕ್ಕೆ ಬಡಿಯಿತು. ಹುಡುಗ ಕುಳಿತಿದ್ದ ಬದಿ ಉಳಿದಿರಲಿಲ್ಲ. ಡ್ರೈವರಿಗೆ ಕಾಲು ಮುರಿದಿತ್ತು. ಕೆಲವು ತಿಂಗಳ ಮೇಲೆ ಆತನನ್ನು ಕಂಡೆ. ಮೂರು ರಾತ್ರಿ ಸರಿಯಾಗಿ ಮಲಗಿರಲಿಲ್ಲವಂತೆ. "ಕಣ್ಣು ಮುಚ್ಚುದ್ದು ನೆನಪಿಲ್ಲ ಸಾ, ತೆಗೆದುದ್ದು ನೆನಪದ" ಎಂದ. ಕುಡಿದಿದ್ದವನಲ್ಲ, ಕೆಟ್ಟವನಲ್ಲ. ಮೊದಲ ಗಾಡಿಯಲ್ಲಿ ಕೂರಿಸಿದ್ದರು, ಮಧ್ಯಾಹ್ನ ಮಲಗಿಸಿರಲಿಲ್ಲ. ರಾತ್ರಿ ಎರಡರಿಂದ ಆರರವರೆಗಿನ ವೇಳೆಯಲ್ಲಿ ಮನುಷ್ಯನ ಎಚ್ಚರ ತೀರ ಕೆಳಗಿರುತ್ತದೆಂದು ಇಂದು ವೈದ್ಯರು ಹೇಳುತ್ತಾರೆ. ನಮ್ಮ ಗಾಡಿ ಹೊಡೆಯುವವರಿಗೆ ಅದು ಗೊತ್ತಿತ್ತು. ಅವರು ದಾರಿತಪ್ಪಿದರೆ ಎತ್ತುಗಳು ನಿಲ್ಲುತ್ತಿದ್ದವು.

ಆದ್ದರಿಂದ ಬಂಡೀಪುರದ ರಾತ್ರಿ ಸಂಚಾರ ನಿಷೇಧದ ವಿಷಯದಲ್ಲಿ ನನ್ನ ಅಭಿಪ್ರಾಯ ಕಾಡುಪ್ರಾಣಿಗಳನ್ನು ಕುರಿತದ್ದು ಮಾತ್ರವಲ್ಲ. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಯ ಕಡೆಗೂ ಊಟಿಯ ಕಡೆಗೂ ಹೋಗುವ ಎರಡು ಹೆದ್ದಾರಿಗಳು ಹುಲಿ ಕಾಡಿನ ನಡುವೆಯೇ ಹಾದುಹೋಗುತ್ತವೆ. ಆಗ ಅವುಗಳ ಸಂಖ್ಯೆ 212 ಮತ್ತು 67, ಈಗ 766 ಮತ್ತು 181. 2009ರ ಜೂನ್‌ನಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿಗಳು ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನಗಳನ್ನು ನಿಷೇಧಿಸಿದರು, ಕೆಲವೇ ದಿನಗಳಲ್ಲಿ ಆದೇಶ ಹಿಂದೆಗೆಯಲ್ಪಟ್ಟಿತು. ಜುಲೈನಲ್ಲಿ ಹೈಕೋರ್ಟು ಮಧ್ಯೆ ಪ್ರವೇಶಿಸಿ ನಿಷೇಧವನ್ನು ಮರಳಿ ತಂದಿತು, 2010ರ ಮಾರ್ಚ್‌ನಲ್ಲಿ ಎತ್ತಿಹಿಡಿಯಿತು. ಆಂಬುಲೆನ್ಸುಗಳಿಗೂ ಕೆಲವೇ ಸರ್ಕಾರಿ ಬಸ್ಸುಗಳಿಗೂ ವಿನಾಯಿತಿ ದೊರೆಯಿತು. ವಯನಾಡಿನವರ ಕಷ್ಟ ಸುಳ್ಳಲ್ಲ. 2019ರಲ್ಲಿ ಸುಲ್ತಾನ್ ಬತ್ತೇರಿಯಲ್ಲಿ ಯುವಕರು ಉಪವಾಸ ಕುಳಿತದ್ದು ಹೊಟ್ಟೆಪಾಡಿನ ಚಿಂತೆಯಿಂದಲೇ. ನನ್ನ ಬಂಧುಗಳಲ್ಲೇ ಕೆಲವರು ವ್ಯಾಪಾರಿಗಳು, ಈ ವಿಷಯ ಬಂದರೆ ನನ್ನೊಡನೆ ಮುನಿಸಿಕೊಳ್ಳುತ್ತಾರೆ. ದಿಂಬಂ ಘಟ್ಟದ ದಾರಿಗೂ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರ ಫೆಬ್ರವರಿಯಿಂದ ಇಂತಹುದೇ ರಾತ್ರಿ ನಿರ್ಬಂಧ ಬಂತು.

2017ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ಓದಿದ ಮೇಲೆ ನನ್ನ ಅಭಿಪ್ರಾಯ ಇನ್ನಷ್ಟು ಗಟ್ಟಿಯಾಯಿತು. ಆಫ್ರಿಕದ ಬೋಟ್ಸ್‌ವಾನಾದಲ್ಲಿ ಎರಡು ಹೆಣ್ಣಾನೆಗಳಿಗೆ ಉಪಕರಣ ಅಳವಡಿಸಿ ಅವು ಮಲಗುವುದನ್ನು ಅಳೆದರು. ದಿನಕ್ಕೆ ಸರಾಸರಿ ಎರಡೇ ಗಂಟೆ, ಅದೂ ಬಹುಪಾಲು ಬೆಳಗಿನ ಜಾವಕ್ಕೆ ಮುಂಚೆ, ಹೆಚ್ಚಾಗಿ ನಿಂತುಕೊಂಡೇ. ನೆಲಕ್ಕೆ ಮೈ ಚೆಲ್ಲಿ ಮಲಗುವುದು ಮೂರು ನಾಲ್ಕು ದಿನಗಳಿಗೊಮ್ಮೆ ಮಾತ್ರ. ಅವು ಆಫ್ರಿಕದ ಆನೆಗಳು, ನಮ್ಮ ಬಂಡೀಪುರದವಲ್ಲ. ಆದರೂ ಆ ಎರಡು ಗಂಟೆಗಳಲ್ಲಿ ಹೆದ್ದೀಪ ಉರಿಸಿಕೊಂಡು, ಹಾರನ್ ಹೊಡೆದುಕೊಂಡು ಸಾಗುವ ಲಾರಿಗಳ ಸಾಲನ್ನು ನೆನೆದರೆ ನನ್ನ ಕತ್ತಿನ ನೋವು ದೊಡ್ಡದೆನಿಸುವುದಿಲ್ಲ.

ನಿಷೇಧದಿಂದ ಇನ್ನೊಂದು ಸಂಗತಿ ಮರಳಿ ಬಂದದ್ದನ್ನು ಗುಂಡ್ಲುಪೇಟೆಯಲ್ಲಿ ಮನೆ ಮಾಡಿಕೊಂಡಿರುವ ನಾನು ನೋಡುತ್ತ ಬಂದಿದ್ದೇನೆ. ಬೆಳಿಗ್ಗೆ ಐದಕ್ಕೆ ವಾಯುವಿಹಾರಕ್ಕೆ ಹೊರಟಾಗ ಮದ್ದೂರು ಗೇಟು ತೆರೆಯುವುದನ್ನು ಕಾಯುತ್ತ ನಿಂತ ಲಾರಿಗಳು ಕಾಣುತ್ತವೆ. ಕೋಸು, ಟೊಮೆಟೊ, ಚೆಂಡುಹೂವು. ಲಾರಿಯ ಕೆಳಗೆ ಗೋಣಿಯ ಜೋಲಿ ಕಟ್ಟಿ ಮಲಗಿದ ಕ್ಲೀನರುಗಳು, ಕ್ಯಾಬಿನ್ನಿನ ಹಲಗೆಯ ಮೇಲೆ ಮುದುರಿದ ಡ್ರೈವರುಗಳು. ಸೊಳ್ಳೆ ಕಚ್ಚುತ್ತದೆ, ಶೌಚಕ್ಕೆ ಸರಿಯಾದ ಜಾಗವಿಲ್ಲ, ಸರಕು ಬಾಡುವ ಚಿಂತೆ ಬೇರೆ. ಆದರೂ ಮಲಗಿದ್ದಾರೆ, ಮೈ ಚಾಚಿ, ನಿಂತ ಗಾಡಿಯಲ್ಲಿ. ಅವರಿಗಾಗಿ ಒಂದು ಛತ್ರವನ್ನು ಯಾರಾದರೂ ಕಟ್ಟಿಸಬಾರದೇ ಎಂದು ಊರಿನ ಹಣವಂತರಿಬ್ಬರಲ್ಲಿ ಕೇಳಿದ್ದೇನೆ. ಒಬ್ಬರು ನಕ್ಕರು. ಇನ್ನೊಬ್ಬರು ಜಾಗ ಎಲ್ಲಿ ಸಿಕ್ಕೀತೆಂದು ವಿಚಾರಿಸಿದರು. ಅವರ ಮನೆಗೆ ಬರುವ ವಾರ ಮತ್ತೆ ಹೋಗುತ್ತೇನೆ.

ಕತ್ತುದಿಂಬು ಈಗ ನನ್ನ ಆರಾಮಕುರ್ಚಿಯ ಮೇಲಿದೆ, ಮಧ್ಯಾಹ್ನದ ಪತ್ರಿಕೆ ಓದುವಾಗ ಒದಗುತ್ತದೆ. ಒಂದು ಕೋರಿಕೆ ಉಂಟು. ನಿಮ್ಮ ಮನೆಗಳಲ್ಲಿ ಎಂಬತ್ತು ದಾಟಿದ ಹಿರಿಯರಿದ್ದರೆ, ಚಾಮರಾಜನಗರ, ತೆರಕಣಾಂಬಿ, ಗುಂಡ್ಲುಪೇಟೆ, ಬೇಗೂರು, ನಂಜನಗೂಡಿನ ದಾರಿಗಳಲ್ಲಿ ಅವರ ಕಾಲದಲ್ಲಿ ಗಾಡಿಗಳು ಎಲ್ಲೆಲ್ಲಿ ತಂಗುತ್ತಿದ್ದವೆಂದು ಕೇಳಿ ನನಗೆ ಬರೆದು ತಿಳಿಸಿ. ಮಂಟಪ ಯಾವುದು, ಬಾವಿ ಯಾವುದು, ಆಲದ ಮರ ಯಾವ ಹೊಲದ ಅಂಚಿನಲ್ಲಿತ್ತು ಎಂಬುದಿದ್ದರೆ ಇನ್ನೂ ಒಳಿತು. ನನ್ನ ಪಟ್ಟಿಯಲ್ಲಿ ಇದುವರೆಗೆ ಒಂಬತ್ತು ತಂಗುದಾಣಗಳಾಗಿವೆ.